ಕಾರ್ಡು ತುಂಬಿದರೆ ಬನ್ನಿ

ಓನರಮ್ಮನ ಬಲ ಮುಂಗೈಯಲ್ಲಿ ಎರಡು ಚಿನ್ನದ ಬಳೆ, ಅವುಗಳ ನಡುವೆ ಕ್ಯಾಮೆರಾದ ಕಪ್ಪು ದಾರ. ದಾರದ ತುದಿಯಲ್ಲಿ ಸೋಪಿನ ಡಬ್ಬಿಯಷ್ಟು ಗಾತ್ರದ ಡಿಜಿಟಲ್ ಕ್ಯಾಮೆರಾ ನೇತಾಡುತ್ತಿರುತ್ತಿತ್ತು. ಮುದ್ದೆ ತಿರುವುವಾಗ ಮಾತ್ರ ಅದನ್ನು ಬಿಚ್ಚಿ ಫ್ರಿಜ್ಜಿನ ಮೇಲಿಡುವರು. ದಾರ ಉಜ್ಜಿದ ಜಾಗದಲ್ಲಿ ಚರ್ಮ ಬೆಳ್ಳಗಾಗಿ, ವಾಚು ಕಟ್ಟುವವರ ಕೈಯ ಹಾಗೆ ಕಾಣುತ್ತಿತ್ತು. ಫೋಟೋ ತೆಗೆಯುವಾಗ ಕನ್ನಡಕವನ್ನು ಹಣೆಗೇರಿಸಿ, ಕೈ ಉದ್ದಕ್ಕೆ ಚಾಚಿ, ಗಲ್ಲ ಎತ್ತಿ ನೋಡುವರು. ಕೆಲಸದಲ್ಲಿದ್ದಷ್ಟು ಕಾಲ ಥರ್ಮಾಮೀಟರನ್ನು ಹಾಗೆಯೇ ನೋಡಿದವರು. ಆ ಅಭ್ಯಾಸ ಹೋಗಿರಲಿಲ್ಲ.

ಮಂಡ್ಯದಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಅವರು. ಕೆಳಗೆ ಅವರೊಬ್ಬರೇ, ಮಹಡಿಯ ಮೇಲೆ ನಾನೊಬ್ಬಳೇ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದ್ದರಿಂದ ಬೀದಿಯವರೆಲ್ಲ ಸಿಸ್ಟರಮ್ಮ ಎನ್ನುತ್ತಿದ್ದರು. ನನ್ನ ಬಾಯಿಗೆ ಮೊದಲ ದಿನ ಬಂದದ್ದು ಓನರಮ್ಮ, ಅದೇ ಉಳಿಯಿತು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ “ಪುರುಸೊತ್ತಾಗ್ಲಿಲ್ಲ ಕಣಮ್ಮ” ಎಂದು ಹೇಳಿ ಬೇರೆ ಮಾತು ಎತ್ತುತ್ತಿದ್ದರು. ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ. ಅಲ್ಲಿ ಒಬ್ಬ ತಮ್ಮ ಗದ್ದೆ ನೋಡಿಕೊಂಡಿದ್ದ. ತಂಗಿಯನ್ನು ಮದ್ದೂರಿಗೆ ಕೊಟ್ಟಿತ್ತು. ಇಬ್ಬರನ್ನೂ ದಡ ಮುಟ್ಟಿಸಿದ್ದು ಇವರ ಸಂಬಳ. ಅದನ್ನು ಇವರು ಹೇಳಿದ್ದನ್ನು ನಾನು ಕೇಳಿಲ್ಲ. ಅವರಿಬ್ಬರೂ ಹೇಳಿದ್ದನ್ನೂ ಕೇಳಿಲ್ಲ.

ನಾನು ತುಮಕೂರಿನ ಕಡೆಯವಳು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಅಮ್ಮ ಹೋದ ಮೇಲೆ ಊರಲ್ಲಿ ಉಳಿದದ್ದು ಅಣ್ಣನ ಮನೆ. ಹಬ್ಬಕ್ಕೆ ಹೋದರೆ ಅತ್ತಿಗೆ ನೀರು ಕೊಡುವ ಮೊದಲೇ “ವಾಪಸ್ ಯಾವತ್ತು?” ಎಂದು ಕೇಳುವಳು. ಕೆಟ್ಟ ಮನಸ್ಸಿನಿಂದ ಕೇಳುತ್ತಿದ್ದಳು ಎಂದು ಹೇಳಲಾರೆ, ಅಡುಗೆಯ ಅಂದಾಜಿಗೂ ಇರಬಹುದು. ಆದರೂ ಕೆಲವು ವರ್ಷಗಳ ನಂತರ ಹಬ್ಬಕ್ಕೂ ಮಂಡ್ಯದಲ್ಲೇ ಉಳಿಯತೊಡಗಿದೆ. ಹೋಳಿಗೆಯ ದಿನ ಮೆಟ್ಟಿಲ ಬುಡದಿಂದ “ಲೇ, ಕೆಳಿಕ್ ಬಾ, ಒಬ್ಳೇ ಏನ್ ಮಾಡ್ತಾ ಕುಂತಿದ್ದೀಯ?” ಎಂಬ ಕೂಗು ಬರುತ್ತಿತ್ತು. ತಾನೂ ಒಬ್ಬಳೇ ಎಂಬುದು ಅವರ ಲೆಕ್ಕಕ್ಕೆ ಇರಲಿಲ್ಲವೇನೋ ಎಂದು ಆಗ ಅಂದುಕೊಂಡಿದ್ದೆ.

ಅವರಿಗಿದ್ದ ಒಂದೇ ಒಂದು ದುಂದು ಎಂದರೆ ಕ್ಯಾಮೆರಾ. ತನಗೆ ಕೈಯಲ್ಲಿದ್ದ ಒಂದೇ ಸಾಕಿತ್ತು, ಕೊಳ್ಳುತ್ತಿದ್ದದ್ದು ಬೇರೆಯವರಿಗಾಗಿ. ತಮ್ಮನಿಗೊಂದು, ತಂಗಿಗೊಂದು, ತಂಗಿಯ ಮಗನಿಗೊಂದು, ತಮ್ಮನ ಮಗಳಿಗೊಂದು. ಪೇಪರಿನಲ್ಲಿ ಹೊಸ ಚಿಕ್ಕ ಕ್ಯಾಮೆರಾ ಬಂತೆಂದು ಜಾಹೀರಾತು ಕಂಡರೆ ಕತ್ತರಿಸಿ ಫ್ರಿಜ್ಜಿಗೆ ಅಂಟಿಸುವರು. ಸಂಜೆ ಪೇಟೆಬೀದಿಯ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋಗುವರು. ಅಂಗಡಿಯವನು ಮೆಗಾಪಿಕ್ಸೆಲ್ ಎಂದು ಶುರು ಮಾಡಿದರೆ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು.

“ಅದ್ನೆಲ್ಲ ಆಮೇಲ್ ಹೇಳಪ್ಪ. ಇದು ಯಾರಿಗೆ ಆಯ್ತದೆ ಅದ್ ಹೇಳು. ಔಸ್ದಿ ಒಳ್ಳೇದಾ ಅಂತ ಯಾರಾರ ಕೇಳ್ತಾರಾ? ಯಾರ್ಗೆ ಅಂತ ಕೇಳ್ಬೇಕು.”

ಹಾಗೆ ಕೇಳಿ ಕೇಳಿಯೇ ಆರಿಸಿದ್ದು. ತಮ್ಮನ ಕೈ ಸದಾ ಕೆಸರು, ನೀರು. ಅವನಿಗೆ ಕಾಲುವೆಗೆ ಬಿದ್ದರೂ ಕೆಡದ, ಕಿತ್ತಳೆ ಬಣ್ಣದ, ದಪ್ಪ ಚರ್ಮದ ಕ್ಯಾಮೆರಾ. ಗದ್ದೆಯಲ್ಲಿ ಕಳೆದರೆ ಹುಡುಕುವುದಕ್ಕೆ ಕಾಣಲಿ ಎಂದು ಆ ಬಣ್ಣ. ತಂಗಿಯ ಮಗನಿಗೆ ಹಕ್ಕಿ ಹುಚ್ಚು, ರಜೆ ಸಿಕ್ಕರೆ ಕೊಕ್ಕರೆ ಬೆಳ್ಳೂರಿನ ಮರಗಳ ಕೆಳಗೆ ಇರುತ್ತಿದ್ದ; ಅವನಿಗೆ ಮೂತಿ ಉದ್ದಕ್ಕೆ ಹೊರಬರುವ, ದೂರದ್ದನ್ನು ಹತ್ತಿರ ಎಳೆಯುವ ಕ್ಯಾಮೆರಾ. ತಮ್ಮನ ಮಗಳಿಗೆ ಕಾಲೇಜಿನ ಚೀಲದಲ್ಲಿ ಕಾಣದಂತೆ ಕೂರುವ ತೆಳ್ಳನೆಯದು. ತಂಗಿಗೆ ಗುಂಡಿ ಒತ್ತುವುದೂ ಬೇಡ, ನಕ್ಕರೆ ಸಾಕು ತಾನೇ ಫೋಟೋ ತೆಗೆದುಕೊಳ್ಳುವಂಥದ್ದು. ಅದು ಆಗ ಹೊಸದಾಗಿ ಬಂದಿತ್ತು.

ಆ ನಗುವಿನ ಕ್ಯಾಮೆರಾದ ಕಥೆಯೊಂದಿದೆ. ತಂಗಿಯ ಮನೆಯ ಗೃಹಪ್ರವೇಶಕ್ಕೆ ನಾನೂ ಮದ್ದೂರಿಗೆ ಹೋಗಿದ್ದೆ. ಊಟಕ್ಕೆ ಮುಂಚೆ ಬೀಗರನ್ನೆಲ್ಲ ಹೊಸ ಬಾಗಿಲ ಮುಂದೆ ನಿಲ್ಲಿಸಿ ತಂಗಿ ಕ್ಯಾಮೆರಾ ಹಿಡಿದರು. ಫೋಟೋಕ್ಕೆ ನಿಂತರೆ ಆ ಕಡೆಯ ಗಂಡಸರು ಠಾಣೆಗೆ ಕರೆಸಿದವರ ಹಾಗೆ ನಿಲ್ಲುತ್ತಾರೆ. ಎದೆ ಮುಂದೆ, ಕೈ ಪಕ್ಕಕ್ಕೆ, ಮುಖ ಬಿಗಿ. ಕ್ಯಾಮೆರಾ ನಗುವಿಗೆ ಕಾಯುತ್ತಿತ್ತು. ನಗು ಬರಲಿಲ್ಲ. ಬಿಸಿಲು ನೆತ್ತಿಗೇರಿತು. ಹಿರಿಯ ಬೀಗರೊಬ್ಬರು “ಕೆಟ್ಟೋಗದೆ ಬುಡ್ರಪ್ಪ, ಊಟಕ್ ಓಗವ” ಎಂದರು. ತಂಗಿಗೆ ಅಳು ಬರುವಂತಾಗಿ ಅಕ್ಕನನ್ನು ಕೂಗಿದರು. ಓನರಮ್ಮ ಅಡುಗೆಯವರ ಹತ್ತಿರದಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಸಾಲನ್ನು ಒಮ್ಮೆ ನೋಡಿದರು.

“ಕ್ಯಾಮ್ರ ನೆಟ್ಟಗದೆ. ಕೆಟ್ಟಿರದು ನಿಮ್ ಮೂತಿ. ನಗ್ರಲಾ ಒಸಿ, ಮನೆ ನಿಮ್ದೇ ಅಲ್ವಾ!”

ಒಬ್ಬರು ಕಿಸಕ್ಕೆಂದರು, ಆಮೇಲೆ ಸಾಲಿಗೆ ಸಾಲೇ ನಕ್ಕಿತು. ತಂಗಿಯ ಕೈಯಲ್ಲಿದ್ದ ಕ್ಯಾಮೆರಾ ಯಾರೂ ಮುಟ್ಟದೆ ತಾನಾಗಿ ಕ್ಲಿಕ್ಕು ಕ್ಲಿಕ್ಕು ಎನ್ನತೊಡಗಿತು. ತಂಗಿ ಹೆದರಿ ಅದನ್ನು ದೂರ ಹಿಡಿದರು. ಓನರಮ್ಮ ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಅವರು ಕ್ಯಾಮೆರಾ ಕೊಳ್ಳುವಾಗಲೆಲ್ಲ ನನಗೊಂದು ವಿಷಯ ಅರ್ಥವಾಗುತ್ತಿರಲಿಲ್ಲ. ಇಷ್ಟು ದುಡ್ಡು ಕೊಟ್ಟು ಕ್ಯಾಮೆರಾ ತೆಗೆದುಕೊಂಡವರು ಫೋಟೋ ಉಳಿಯುವ ಮೆಮೊರಿ ಕಾರ್ಡು ಮಾತ್ರ ಅಂಗಡಿಯಲ್ಲಿರುವ ಅತಿ ಚಿಕ್ಕದನ್ನೇ ಕೇಳುತ್ತಿದ್ದರು.

“ದೊಡ್ಡದು ಹಾಕ್ಸಿ ಮೇಡಂ,” ಎನ್ನುವನು ಅಂಗಡಿಯವನು. “ವರ್ಷಗಟ್ಲೆ ತುಂಬಲ್ಲ.”

“ವರ್ಷಗಟ್ಲೆ ತುಂಬ್ದಿದ್ರೆ ನಂಗೇನಪ್ಪ ಬಂತು? ಚಿಕ್ಕದೇ ಕೊಡು.”

ಜಿಪುಣತನ ಎಂದುಕೊಂಡೆ. ಊಟಕ್ಕೆ ತುಪ್ಪ ಬಡಿಸುವಾಗ ಕಾಣದ ಜಿಪುಣತನ ಕಾರ್ಡಿನಲ್ಲಿ ಏಕೆ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಕ್ಯಾಮೆರಾ ಕೊಡುವಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಕಾರ್ಡು ತುಂಬುದ್ರೆ ತಕಬನ್ನಿ, ಖಾಲಿ ಮಾಡ್ಕೊಡ್ತೀನಿ.” ಅವರ ನಡುಮನೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಕಂಪ್ಯೂಟರೊಂದಿತ್ತು. ನೆಂಟರಲ್ಲಿ ಬೇರೆ ಯಾರ ಮನೆಯಲ್ಲೂ ಆಗ ಕಂಪ್ಯೂಟರಿರಲಿಲ್ಲ. ಚಿಕ್ಕ ಕಾರ್ಡು ಒಂದು ಮದುವೆ, ಒಂದು ಹಬ್ಬಕ್ಕೆಲ್ಲ ತುಂಬಿಹೋಗುತ್ತಿತ್ತು. ಹಾಗಾಗಿ ಭಾನುವಾರ ಬಂತೆಂದರೆ ಮಳವಳ್ಳಿ ಬಸ್ಸಿನಿಂದಲೋ ಮದ್ದೂರಿನ ರೈಲಿನಿಂದಲೋ ಯಾರಾದರೂ ಇಳಿದು ಬರುವರು. ಅವರು ಬಂದ ಮೇಲೆ ಓನರಮ್ಮ ಮೊದಲು ಕುಕ್ಕರು ಇಡುವರು, ಆಮೇಲೆ ಕಂಪ್ಯೂಟರು ಹಾಕುವರು. ಅವರ ಕಂಪ್ಯೂಟರು ಎಂದೂ ಅನ್ನಕ್ಕಿಂತ ಮುಂಚೆ ಕೆಲಸ ಮುಗಿಸಿದ್ದಿಲ್ಲ. “ಇದು ನಿಧಾನ ಕಣ್ಲಾ, ಉಂಡ್ಕಂಡೇ ಓಗು” ಎನ್ನುವರು. ಆಮೇಲೆ ಒಂದೊಂದೇ ಫೋಟೋ ತೆರೆದು ವಿಚಾರಣೆ. ಇದು ಯಾರು, ಇವಳು ಯಾಕೆ ಇಷ್ಟು ಸೊರಗಿದ್ದಾಳೆ, ಈ ಮಗುವಿನ ಕಣ್ಣು ಹಳದಿ ಕಾಣ್ತದೆ ಡಾಕ್ಟರಿಗೆ ತೋರಿಸಿ. ಪೂರಿಗಾಲಿಗೆ ಹೋಗದೆಯೇ ಅಲ್ಲಿ ಯಾರ ಮನೆಯ ಹಸು ಈದಿದೆ ಎಂಬುದು ಅವರಿಗೆ ಗೊತ್ತಿತ್ತು.

ಒಂದು ಭಾನುವಾರ ನಾನೂ ಅವರೊಂದಿಗೆ ಉಪ್ಸಾರು ಉಣ್ಣುತ್ತ, ತಮಾಷೆಗೆಂಬಂತೆ ಕೇಳಿದೆ. ತಮಾಷೆಯೇನೂ ಆಗಿರಲಿಲ್ಲ.

“ನನಗ್ಯಾವ ಕ್ಯಾಮೆರಾ ಓನರಮ್ಮ?”

“ನಿಂಗ್ಯಾಕೆ? ನೀನ್ ಇಲ್ಲೇ ಇದ್ದೀಯಲ್ಲ.”

ಎದ್ದು ತಟ್ಟೆ ತೊಳೆದಿಟ್ಟೆ. ಎಷ್ಟಾದರೂ ಬಾಡಿಗೆಯವಳು ತಾನೇ, ನೆಂಟಳೇ ಎಂದು ನನಗೆ ನಾನೇ ಹೇಳಿಕೊಂಡು ಮಹಡಿ ಹತ್ತಿದೆ. ಆ ಮಾತನ್ನು ಬಹಳ ಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಎಲ್ಲರ ಕೈಗೂ ಫೋನು ಬಂದದ್ದು ಗೊತ್ತೇ ಇದೆಯಲ್ಲ. ಅವರ ಮನೆಗೆ ಬರುವುದನ್ನು ಮೊದಲು ನಿಲ್ಲಿಸಿದವನು ಹಕ್ಕಿಯ ಹುಡುಗ. “ದೊಡ್ಡಮ್ಮ, ಇನ್ಮೇಲೆ ಅಲ್ಲೀವರ್ಗೂ ಬರೋ ತಾಪತ್ರಯ ಇಲ್ಲ, ವಾಟ್ಸಾಪಲ್ಲೇ ಹಾಕ್ತೀನಿ ಬುಡಿ” ಎಂದು ಸಂತೋಷದಿಂದ ಹೇಳಿದ. ದೊಡ್ಡಮ್ಮನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ಅವನು ನಂಬಿದ್ದ. ಇವರೂ “ಒಳ್ಳೇದೇ ಆಯ್ತು ಬುಡಪ್ಪ” ಎಂದರು. ಆಮೇಲೆ ತಂಗಿ, ಆಮೇಲೆ ತಮ್ಮನ ಮನೆಯವರು. ಓನರಮ್ಮನಿಗೂ ಒಂದು ಫೋನು ಕೊಡಿಸಿದರು. ದಿನವೂ ಫೋಟೋ ಬಂದು ಬೀಳುತ್ತಿದ್ದವು. ಹಲ್ಲುಜ್ಜುವ ಮಗು, ಹೊಸ ಸೀರೆ, ತಟ್ಟೆಯಲ್ಲಿ ಬಾಡೂಟ. ಜಗಲಿಯ ಮೇಲೆ ಕೂತು ಫೋನನ್ನು ಕೈ ಉದ್ದಕ್ಕೆ ಹಿಡಿದು ನೋಡುವರು. ಇದು ಯಾರು ಎಂದು ಅದರೊಳಕ್ಕೆ ಕೇಳಿದರೆ ಉತ್ತರಕ್ಕೆ ಒಂದು ಹೆಬ್ಬೆರಳ ಚಿತ್ರ ಬರುತ್ತಿತ್ತು.

“ಫೋಟೋ ಬತ್ತವೆ ಕಣೆ,” ಎಂದರು ಒಂದು ಸಂಜೆ, ನಾನು ಕಚೇರಿಯಿಂದ ಬಂದು ಗೇಟು ಹಾಕುತ್ತಿದ್ದಾಗ. “ಜನ ಬರಾಕಿಲ್ಲ.”

ಆಗ ನನಗೆ ಚಿಕ್ಕ ಕಾರ್ಡಿನ ಗುಟ್ಟು ಹೊಳೆಯಿತು. ತನ್ನವರು ತನ್ನ ಬಾಗಿಲಿಗೆ ಬರಲಿ ಎಂಬ ಒಂದೇ ಆಸೆಗೆ ಈ ಹೆಂಗಸು ಇಷ್ಟು ವರ್ಷ ಉಪಾಯ ಹೂಡಿದ್ದರು. ಬಾಯಿಬಿಟ್ಟು ‘ಬನ್ನಿ, ನನಗೆ ಬೇಜಾರು’ ಎಂದು ಹೇಳಬಹುದಿತ್ತು. ಹೇಳುವ ಜಾಯಮಾನವಲ್ಲ. ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿಗೆ, ಹೆರಿಗೆಗೆ, ಗಾಯಕ್ಕೆ ಬರುವವರನ್ನೇ ಜೀವಮಾನವೆಲ್ಲ ನೋಡಿದವರು. ಏನಾದರೂ ಬೇಕಾಗಿದ್ದರೆ ಮಾತ್ರ ಜನ ತನ್ನ ಹತ್ತಿರ ಬರುವುದು ಎಂದು ಅವರಿಗೆ ಖಾತ್ರಿಯಾಗಿಬಿಟ್ಟಿತ್ತು.

ಆ ವರ್ಷಗಳಲ್ಲೂ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಗಾಜಿನ ಕಪಾಟಿನಲ್ಲಿ ಚಿಕ್ಕ ಕ್ಯಾಮೆರಾಗಳು ಒಂದೊಂದಾಗಿ ಕಡಿಮೆಯಾಗಿ, ಆ ಜಾಗಕ್ಕೆ ಫೋನಿನ ಕವರು, ಇಯರ್‌ಫೋನು ಬಂದವು. ಈಚೆಗೆ ಮತ್ತೆ ಒಂದೆರಡು ಹೊಸವು ಬಂದವು. ಅಂಗಡಿಯವನಿಗೆ ಅಷ್ಟರಲ್ಲಿ ತಲೆ ನರೆತಿತ್ತು. “ಈಗ ಕಾಲೇಜು ಹುಡ್ಗೀರು ಮತ್ತೆ ಇದ್ನೇ ಕೇಳ್ತಾವ್ರೆ ಮೇಡಂ. ಇದು ನೋಡಿ, ಪರದೆ ಮುಂದಕ್ಕೆ ತಿರುಗ್ತದೆ, ವಿಡಿಯೋ ಮಾಡೋರಿಗೆ. ಇದು ಜೇಬಲ್ಲಿ ಹಾಕ್ಕೊಂಡು ಬೆಟ್ಟ ಹತ್ತೋರಿಗೆ. ಇದು ಕತ್ಲೇಲೂ ಬರೋದು” ಎಂದು ಸಾಲಾಗಿ ಇಟ್ಟ. ಯಾರಿಗೆ ಯಾವುದು ಎಂದು ಮೊದಲೇ ಹೇಳಲು ಕಲಿತಿದ್ದ. ಓನರಮ್ಮ ಒಂದೊಂದನ್ನೇ ಕೈಗೆತ್ತಿಕೊಂಡು, ತೂಗಿ, ತಿರುಗಿಸಿ, ಡಬ್ಬಿಯ ಮೇಲಿನ ಅಕ್ಷರವನ್ನೆಲ್ಲ ಓದಿ ಕೆಳಗಿಟ್ಟರು.

“ಎಲ್ಲಾ ಚೆನ್ನಾಗವೆ. ಯಾರ್ಗೆ ಕೊಡನೆ?” ಎಂದು ನನ್ನನ್ನು ಕೇಳಿದರು.

ಬರಿಗೈಯಲ್ಲಿ ಮನೆಗೆ ಬಂದೆವು. ದಾರಿಯಲ್ಲಿ ಸೊಪ್ಪು ಕೊಂಡರು. ಸೊಪ್ಪಿನವಳ ಹತ್ತಿರ ಅಂದು ಚೌಕಾಸಿ ಮಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನನಗೆ ಮದ್ದೂರಿಗೆ ವರ್ಗವಾಯಿತು. ಮಂಡ್ಯದಿಂದಲೇ ಓಡಾಡಬಹುದಿತ್ತು, ನಿಜ. ಆದರೆ ಹೊಸ ಸಾಹೇಬರು ಬೆಳಿಗ್ಗೆ ಬೇಗ ಬರುವವರು, ಸಂಜೆ ತಡವಾಗಿ ಬಿಡುವವರು. ಅಲ್ಲೇ ಒಂದು ರೂಮು ನೋಡಿದೆ. ಹೇಳಿದಾಗ ಓನರಮ್ಮ ಅಲಸಂದೆಕಾಯಿ ಸುಲಿಯುತ್ತಿದ್ದರು. ಸುಲಿಯುತ್ತಲೇ ಇದ್ದರು. ಮೊರದಲ್ಲಿ ಕಾಯಿ ಮುಗಿದ ಮೇಲೆ “ಅಡ್ವಾನ್ಸು ಯಾವತ್ ಕೊಡ್ಲಿ?” ಎಂದು ಮಾತ್ರ ಕೇಳಿದರು.

ಸಾಮಾನು ಟೆಂಪೋಗೆ ಹೇರಿ ನಾನು ಡ್ರೈವರ್ ಪಕ್ಕ ಹತ್ತಿ ಕೂತಿದ್ದೆ. ಅವರು ಗೇಟಿನವರೆಗೂ ಬಂದು ಕಿಟಕಿಯಿಂದ ನನ್ನ ತೊಡೆಯ ಮೇಲೆ ಒಂದು ಡಬ್ಬಿ ಇಟ್ಟರು. ಹೊಸ ಕ್ಯಾಮೆರಾ. ಕಪ್ಪು ಬಣ್ಣದ್ದು, ಅಂಗೈಯಗಲದ್ದು.

“ಕತ್ಲೇಲೂ ಬರೋದು ಇದು. ನಿಮ್ ಮದ್ದೂರ್ ಆಪೀಸು ನೋಡಿದ್ದೀನಲ್ಲ, ಅಗಲೊತ್ನಲ್ಲೂ ಲೈಟ್ ಹಾಕ್ಬೇಕು. ಚಿಕ್ಕ ಕಾರ್ಡು ಹಾಕಿದ್ದೀನಿ, ನನ್ತಾವ ಹಳೇದಿತ್ತು.” ಡಬ್ಬಿಯನ್ನು ಇನ್ನಷ್ಟು ಒಳಕ್ಕೆ ಸರಿಸಿ, “ತುಂಬುದ್ರೆ ತಕಬಾ” ಎಂದರು.

ಟೆಂಪೋ ಹೊರಟಿತು. ಇಷ್ಟು ವರ್ಷ ನನಗೇಕೆ ಕ್ಯಾಮೆರಾ ಕೊಡಲಿಲ್ಲ ಎಂದು ಅರ್ಥವಾದದ್ದು ಆಗ. ಕ್ಯಾಮೆರಾ ಕೊಡುತ್ತಿದ್ದದ್ದು ದೂರ ಇದ್ದವರಿಗೆ, ಬರಲಿ ಎಂದು ಕಾಯಬೇಕಾದವರಿಗೆ. ಅಂದಿನಿಂದ ನಾನೂ ಅವರಲ್ಲೊಬ್ಬಳು. ಅಳು ತಡೆಯಲಾಗಲಿಲ್ಲ. ಡ್ರೈವರು ಪಾಪ ಗಾಬರಿಯಾಗಿ, “ಬಾಡ್ಗೆ ಮನೆ ಬಿಡಕ್ಕೆ ಅಳೋರ್ನ ಇವತ್ತೇ ನೋಡಿದ್ದು ಮೇಡಂ. ಹೆದ್ದಾರಿ ಬಂತು, ಕಣ್ ಒರೆಸ್ಕಳಿ, ಧೂಳು” ಎಂದ.

ಕಾರ್ಡು ತುಂಬಿಸುವುದೇ ನನ್ನ ಕೆಲಸವಾಯಿತು. ಏನು ತೆಗೆಯಬೇಕೆಂದು ತಿಳಿಯದೆ ಕಂಡದ್ದನ್ನೆಲ್ಲ ತೆಗೆದೆ. ಕಚೇರಿಯ ಫ್ಯಾನು, ಶಿಂಷಾ ಸೇತುವೆ, ಕಬ್ಬಿನ ಲಾರಿ, ರೂಮಿನ ಕಿಟಕಿ, ಒಬ್ಬಳಿಗೆ ಮಾಡಿಕೊಂಡ ಉಪ್ಪಿಟ್ಟು. ಮೊದಲ ಸಲ ತೆಗೆದುಕೊಂಡು ಹೋದಾಗ ಅವರು ಕುಕ್ಕರಿಟ್ಟು ಬಂದು, ಕಂಪ್ಯೂಟರಿನ ಮುಂದೆ ಕನ್ನಡಕ ಹಣೆಗೇರಿಸಿ ಕೂತು ಕೊನೆಯತನಕ ನೋಡಿದರು. ಒಂದೂ ಪ್ರಶ್ನೆ ಇಲ್ಲ. ನನಗೆ ಪೆಚ್ಚಾಯಿತು.

“ಜನ ಎಲ್ಲೆ?” ಎಂದರು ಕೊನೆಗೆ.

“ನಿಮ್ಮ ತಂಗಿ ಬಿಟ್ರೆ ಯಾರೂ ಅಷ್ಟು ಪರಿಚಯ ಇಲ್ಲ ಓನರಮ್ಮ.”

“ಮದ್ದೂರಲ್ಲಿ ಜನಕ್ಕೇನ್ ಬರ ಬಂದದಾ? ಈ ಉಪ್ಪಿಟ್ ಫೋಟೋನ ನಾನೇನ್ ಮಾಡ್ಲಿ? ಇನ್ನೊಂದ್ ಸತಿ ಬರೋವಾಗ ಒಬ್ರನ್ನಾರ ತಕಬಾ. ಹೆಸ್ರೂ ಕೇಳ್ಕಬಾ, ನಾನ್ ಕೇಳ್ತೀನಿ.”

ಬೈದದ್ದು ಹೌದು, ಆದರೆ ಔಷಧಿಯ ಚೀಟಿ ಬರೆದುಕೊಟ್ಟ ಹಾಗೂ ಇತ್ತು. ಹೆಸರು ಕೇಳುತ್ತಾರೆಂಬ ಭಯಕ್ಕೆ ನಾನು ಕಚೇರಿ ಎದುರಿನ ಟೀ ಅಂಗಡಿಯಾಕೆಯ ಹೆಸರು ಕೇಳಿದೆ. ಆಕೆಯ ಫೋಟೋ ತೆಗೆದೆ. ಆಕೆ ತಲೆಗೆ ಹೂವು ಮುಡಿದುಕೊಂಡು ಬರುತ್ತೇನೆ ಇರಿ ಎಂದು ಒಳಗೆ ಹೋಗಿ ಬಂದಳು. ಪಕ್ಕದ ರೂಮಿನ ಅಂಗನವಾಡಿ ಟೀಚರು, ಕಚೇರಿಯ ಜವಾನರು, ಸೋಮನಹಳ್ಳಿಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಮೂವರು ಹುಡುಗಿಯರು. ತೆಗೆದ ಮೇಲೆ ಮಾತಾಡಿಸದೆ ಬರುವುದಕ್ಕಾಗುತ್ತದೆಯೇ? ಓನರಮ್ಮನ ಪ್ರಶ್ನೆಗಳೂ ಏರಿದವು. ಟೀ ಅಂಗಡಿಯಾಕೆಯ ಮಂಡಿ ನೋವು ಹೇಗಿದೆ, ಆ ಹುಡುಗಿ ಮದುವೆಗೆ ಒಪ್ಪಿದಳೇ, ಟೀಚರಿಗೆ ಸಂಬಳ ಬಂತೇ. ಗೊತ್ತಿಲ್ಲ ಎಂದರೆ “ಅಷ್ಟೂ ಕೇಳಕಾಗ್ಲಿಲ್ವಾ ನಿಂಗೆ?” ಎಂದು ಬೈಗುಳ. ಮರುದಿನ ಹೋಗಿ ಕೇಳುತ್ತಿದ್ದೆ. ಅಷ್ಟು ವಯಸ್ಸಿನವರೆಗೆ ನನಗೆ ಯಾವ ಊರಲ್ಲೂ ಇಷ್ಟು ಜನ ಇರಲಿಲ್ಲ.

ಹೀಗೆ ಎರಡು ವರ್ಷಕ್ಕೂ ಹೆಚ್ಚು ನಡೆಯಿತು. ಕಾರ್ಡು ತುಂಬಿದ ಭಾನುವಾರ ನಾನು ಮಂಡ್ಯದಲ್ಲಿ. ತುಂಬದ ಭಾನುವಾರ ಹೋಗಬೇಕೆನಿಸಿದರೂ ಹೋಗುತ್ತಿರಲಿಲ್ಲ. ಏನೆಂದು ಹೇಳಿಕೊಂಡು ಹೋಗುವುದು ಎಂಬ ಸಂಕೋಚ. ಅಣ್ಣನ ಮನೆಯ ಬಾಗಿಲಲ್ಲಿ ಕಲಿತ ಸಂಕೋಚ ಅದು. ಅವರು ಕರೆಯಲು ಸಂಕೋಚಪಟ್ಟರು, ನಾನು ಹೋಗಲು ಸಂಕೋಚಪಟ್ಟೆ. ಇಬ್ಬರ ನಡುವೆ ಬೆರಳುಗುರಿನಷ್ಟು ಒಂದು ಕಾರ್ಡು ಓಡಾಡಿತು.

ಕಳೆದ ಶ್ರಾವಣದಲ್ಲಿ, ಕಚೇರಿಯಲ್ಲಿದ್ದಾಗ, ಅವರ ತಂಗಿ ಫೋನು ಮಾಡಿದರು. “ಅಕ್ಕ ಬಚ್ಚಲಲ್ಲಿ ಬಿದ್ಬುಟ್ಳು ಕಣಮ್ಮ. ಮಂಡ್ಯ ಆಸ್ಪತ್ರೆಲಿ ಅವ್ಳೆ. ಎಡಗಡೆ ಸ್ವಾಧೀನ ಇಲ್ಲ.” ಸಾಹೇಬರಿಗೆ ಏನು ಹೇಳಿದೆನೋ ನೆನಪಿಲ್ಲ. ಸಿಕ್ಕ ಬಸ್ಸು ಹತ್ತಿ ನಿಂತುಕೊಂಡೇ ಹೋದೆ.

ವಾರ್ಡಿನಲ್ಲಿ ತಂಗಿ ಸ್ಟೂಲಿನ ಮೇಲೆ ಕೂತಿದ್ದರು. ಹಾಸಿಗೆಯ ಮೇಲೆ ಓನರಮ್ಮ ಕುಗ್ಗಿಹೋಗಿದ್ದರು. ಬಾಯಿ ಒಂದು ಕಡೆ ಎಳೆದಿತ್ತು. ಮಾತು ತೊದಲು, ಆದರೆ ತಿಳಿಯುತ್ತಿತ್ತು. ನನ್ನನ್ನು ಗುರುತಿಸಿದರು. ಮೊದಲು ನನ್ನ ಮುಖ ನೋಡಿ, ಆಮೇಲೆ ನನ್ನ ಕೈ ನೋಡಿದರು.

“ಕ್ಯಾಮ್ರ ಎಲ್ಲಿ?”

ಆಗಲೇ ನನಗೆ ನೆನಪಾದದ್ದು. ಅದು ರೂಮಿನ ಮೊಳೆಗೆ ನೇತುಬಿದ್ದಿತ್ತು. “ತಂದಿಲ್ಲ ಓನರಮ್ಮ.”

“ಕಾರ್ಡು ತುಂಬಿಲ್ವಾ?”

“ಇಲ್ಲ.”

“ಮತ್ಯಾಕೆ ಬಂದೆ?”

“ಸುಮ್ನೆ ಬಂದೆ.”

ಅವರು ನನ್ನನ್ನೇ ನೋಡಿದರು. ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂದು ರೋಗಿಯನ್ನು ನೋಡುವ ಹಾಗೆ ನೋಡಿದರು. ಆಮೇಲೆ ಸ್ವಾಧೀನವಿದ್ದ ಬಲಗೈಯಿಂದ ನನ್ನ ಮುಂಗೈ ಹಿಡಿದುಕೊಂಡು ತಂಗಿಯ ಕಡೆ ತಿರುಗಿದರು.

“ನೋಡೆ. ಇವ್ಳು ಸುಮ್ನೆ ಬಂದವ್ಳೆ.”

ತಂಗಿ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿಗೆ ಡ್ರಿಪ್ಪು ಬದಲಿಸಲು ಚಿಕ್ಕ ವಯಸ್ಸಿನ ನರ್ಸೊಬ್ಬಳು ಬಂದಳು. ಅವಳಿಗೂ ಹೇಳಿದರು. “ನಮ್ ಹುಡ್ಗಿ. ಮದ್ದೂರಿಂದ ಬಂದವ್ಳೆ. ಏನೂ ಕೆಲ್ಸ ಇಲ್ಲ, ಸುಮ್ನೆ.” ನರ್ಸು ಏನೂ ಅರ್ಥವಾಗದೆ ನಕ್ಕು ಹೋದಳು. ಅಂದು ನಾನು ಅಲ್ಲಿದ್ದಷ್ಟು ಹೊತ್ತು, ನಿದ್ದೆಯಿಂದ ಎಚ್ಚೆತ್ತಾಗಲೆಲ್ಲ ಅದನ್ನೇ ಯಾರಿಗಾದರೂ ಹೇಳುತ್ತಿದ್ದರು. ಪಕ್ಕದ ಹಾಸಿಗೆಯ ಮುದುಕಿಗೂ ಹೇಳಿದರು.

ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟರು. ಪೂರಿಗಾಲಿಯಿಂದಲೂ ಮದ್ದೂರಿನಿಂದಲೂ ಎಲ್ಲರೂ ಬಂದರು. ಹಕ್ಕಿಯ ಹುಡುಗ ಗೇಟಿಗೆ ಒರಗಿ ನಿಂತು ಚಿಕ್ಕ ಮಗುವಿನ ಹಾಗೆ ಅತ್ತ. ಯಾರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಬರಲು ಅವರಿಗೊಂದು ನೆಪ ಬೇಕಾಗಿತ್ತು, ನನಗೂ ಬೇಕಾಗಿತ್ತಲ್ಲ.

ಮದ್ದೂರಿನಲ್ಲಿ ಬೀದಿಗೆ ಇಳಿದರೆ ಈಗ ನನ್ನನ್ನು ಹೆಸರು ಹಿಡಿದು ಕರೆಯುವವರಿದ್ದಾರೆ. ಅದೆಲ್ಲ ಅವರು ಮಾಡಿಕೊಟ್ಟದ್ದು. ಅಷ್ಟು ವರ್ಷದಲ್ಲಿ ಅವರಿಗೆ ನಾನು ಬಾಡಿಗೆ ಬಿಟ್ಟು ಬೇರೇನಾದರೂ ಕೊಟ್ಟಿದ್ದರೆ ಆ ಆಸ್ಪತ್ರೆಯಲ್ಲಿ ಹೇಳಿದ ಒಂದು ಮಾತು. ಅದೂ ಮರೆವಿನಿಂದ ಕೊಟ್ಟದ್ದು. ನೆನಪಿದ್ದಿದ್ದರೆ ಕ್ಯಾಮೆರಾ ತೆಗೆದುಕೊಂಡೇ ಹೋಗಿರುತ್ತಿದ್ದೆ. ಅವರು ಕಾರ್ಡು ಖಾಲಿ ಮಾಡಿಸಿಕೊಳ್ಳಲು ಬಂದಳು ಎಂದುಕೊಂಡೇ ಕಣ್ಣು ಮುಚ್ಚುತ್ತಿದ್ದರು.